ಹುಳುಮನೆಯ ನೊಣ, ನಾನು ಕಟ್ಟಿದ ಕಡಲು

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ರೇಷ್ಮೆ ಹುಳುಮನೆಯಲ್ಲಿ, ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಎದ್ದ ಹುಳುಗಳಿಗೆ ಸೊಪ್ಪು ಹಾಕುವ ಮುನ್ನ ಅಮ್ಮ ಒಂದೊಂದು ತಟ್ಟೆಯ ಮೇಲೂ ಬಾಗಿ ಕಪ್ಪು ಚುಕ್ಕೆ ಹುಡುಕುತ್ತಿದ್ದಳು. ಚುಕ್ಕೆ ಇದ್ದರೆ ಊಜಿ ನೊಣದ ಮರಿ ಒಳಸೇರಿದೆ ಎಂದರ್ಥ. ನೊಣ ರೇಷ್ಮೆಹುಳುವಿನ ಮೈಗೆ ಬಿಳಿಯ ಮೊಟ್ಟೆ ಅಂಟಿಸಿ ಹೋಗುತ್ತದೆ. ಎರಡು ಮೂರು ದಿನಗಳಲ್ಲಿ ಮೊಟ್ಟೆಯೊಡೆದ ಮರಿ ಚರ್ಮ ಕೊರೆದು ಒಳಹೊಕ್ಕು, ಹುಳುವಿನ ಒಡಲನ್ನೇ ಉಣ್ಣುತ್ತ ಬೆಳೆಯುತ್ತದೆ. ಬೇಗ ಸೋಂಕಿದ ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ. ತಡವಾಗಿ ಸೋಂಕಿದ್ದು ಗೂಡು ಕಟ್ಟುವ ಚಂದ್ರಿಕೆಗೇನೋ ಏರುತ್ತದೆ, ಆದರೆ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನಿಂದ ನೂಲು ಬಿಚ್ಚಲಾಗದು. 1980ರಲ್ಲಿ ಪಶ್ಚಿಮ ಬಂಗಾಳದ ಬಿತ್ತನೆ ಗೂಡುಗಳ ಜೊತೆ ಕರ್ನಾಟಕಕ್ಕೆ ಬಂದ ಈ ನೊಣ ಇನ್ನೂ ಬಿಟ್ಟುಹೋಗಿಲ್ಲ.

ಸಮುದ್ರದಿಂದ ಇಷ್ಟು ದೂರದ ಊರಿನಲ್ಲಿ ಕುಳಿತು ನಾನು ಕೆಲವು ತಿಂಗಳುಗಳಿಂದ ಒಂದು ಸಮುದ್ರವನ್ನು ಕಲ್ಪಿಸುತ್ತಿದ್ದೇನೆ. ಜೀವವಿಕಾಸದ ನಿಯಮಗಳನ್ನು ಮೀರದೆ, ಇಲ್ಲದ ಜೀವಿಗಳನ್ನು ರೂಪಿಸುವ ಕೆಲಸ ಇದು. ನನ್ನ ಕಡಲಿನಲ್ಲಿ ‘ತೇಲುಬುಡ್ಡೆ’ ಎಂಬ ಪ್ರಾಣಿಯಿದೆ. ಕುಂಬಳಕಾಯಿ ಗಾತ್ರದ ಅದರ ಮೈಯಲ್ಲಿ ಗಾಳಿಚೀಲವಿದೆ. ಹಗಲು ಕತ್ತಲ ಆಳದಲ್ಲಿ ಅಡಗಿದ್ದು, ರಾತ್ರಿ ಚೀಲ ಉಬ್ಬಿಸಿಕೊಂಡು ಮೇಲೆದ್ದು ಮೇಯುತ್ತದೆ. ನಮ್ಮ ಭೂಮಿಯ ಸಾಗರಗಳಲ್ಲೂ ಅಸಂಖ್ಯ ಜೀವಿಗಳು ದಿನವೂ ಹೀಗೆಯೇ ಹತ್ತಿ ಇಳಿಯುತ್ತವೆ. ಈ ತೇಲುಬುಡ್ಡೆಗೆ ಒಂದು ಪರಜೀವಿಯನ್ನು ಕೊಡಬೇಕೆನಿಸಿತು. ಹೆಸರು ‘ಒಡಲಬೇರು’.

ಮೊದಲ ಸಲ ಬರೆದಾಗ ಅದು ಕಡಲಿಗಿಳಿದ ಊಜಿಯೇ ಆಗಿತ್ತು: ಒಳಹೊಕ್ಕು, ಇಪ್ಪತ್ತು ದಿನಗಳಲ್ಲಿ ತಿಂದು ಮುಗಿಸಿ, ಮೈ ಸೀಳಿ ಹೊರಬರುತ್ತಿತ್ತು. ಲೆಕ್ಕ ಹಾಕಿದಾಗ ಆ ಜೀವಿ ಬದುಕಲಾರದು ಎಂದು ತಿಳಿಯಿತು. ಹುಳುಮನೆಯಲ್ಲಿ ಒಂದು ತಟ್ಟೆಯ ಪಕ್ಕ ಇನ್ನೊಂದು ತಟ್ಟೆ, ಒಂದು ಹುಳುವಿಗೆ ಒತ್ತಿಕೊಂಡೇ ಮತ್ತೊಂದು ಹುಳು. ಊಜಿ ಎಷ್ಟು ಕೊಂದರೂ ಅದರ ಮುಂದಿನ ಪೀಳಿಗೆಗೆ ಊಟ ಕಾದಿರುತ್ತದೆ. ಬಟ್ಟಬಯಲಿನಂಥ ಕಡಲಿನಲ್ಲಿ ಒಂದು ತೇಲುಬುಡ್ಡೆಗೂ ಇನ್ನೊಂದಕ್ಕೂ ನಡುವೆ ಹರದಾರಿಗಟ್ಟಲೆ ಬರೀ ನೀರು. ಅಲ್ಲಿ ಸಿಕ್ಕ ಒಂದೇ ಮನೆಯನ್ನು ಸುಟ್ಟುಕೊಳ್ಳುವ ಪರಜೀವಿಗೆ ವಂಶವಿರುವುದಿಲ್ಲ. ಮುಂದಿನ ಆಸರೆ ಎಷ್ಟು ದೂರದಲ್ಲಿದೆ ಎಂಬುದೇ ಪರಜೀವಿ ಎಷ್ಟು ಕ್ರೂರವಾಗಬಹುದು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಕಲ್ಪಿತ ಪರಜೀವಿಗಳಿಗೆ ಹಲ್ಲು, ಕೊಂಡಿ, ಲೋಳೆ ಅಂಟಿಸುವವರು ಈ ದೂರವನ್ನು ಅಳೆಯುವುದೇ ಇಲ್ಲ ಎಂಬುದು ನನ್ನ ತಕರಾರು.

ಇದಕ್ಕೆ ನಿಜಜಗತ್ತಿನ ಪುರಾವೆಯೂ ಇದೆ. ಮೊಲಗಳ ಹಾವಳಿ ತಡೆಯಲು ಆಸ್ಟ್ರೇಲಿಯಾದಲ್ಲಿ 1950ರಲ್ಲಿ ಮಿಕ್ಸೋಮಾ ವೈರಸ್ಸನ್ನು ಹರಡಿದರು. ಆರಂಭದಲ್ಲಿ ಸೋಂಕಿದ ಮೊಲಗಳಲ್ಲಿ ಶೇ. 99ಕ್ಕೂ ಹೆಚ್ಚು ಸತ್ತವು. ಕೆಲವೇ ವರ್ಷಗಳಲ್ಲಿ ಮಧ್ಯಮ ಉಗ್ರತೆಯ ತಳಿಗಳು ಮೇಲುಗೈ ಪಡೆದವು. ಆ ವೈರಸ್ ಹರಡುವುದು ಮುಖ್ಯವಾಗಿ ಸೊಳ್ಳೆಗಳಿಂದ. ಹೆಚ್ಚು ದಿನ ಬದುಕಿದ ರೋಗಿ ಮೊಲವನ್ನು ಹೆಚ್ಚು ಸೊಳ್ಳೆಗಳು ಕಚ್ಚುತ್ತವೆ. ತೀರಾ ಸೌಮ್ಯವಾದ ತಳಿಗೂ ಉಳಿಗಾಲವಿರಲಿಲ್ಲ, ಏಕೆಂದರೆ ಸೊಳ್ಳೆಗೆ ಅಂಟುವಷ್ಟು ವೈರಸ್ ಚರ್ಮದಲ್ಲಿ ಇರುತ್ತಿರಲಿಲ್ಲ.

ಹಾಗಾಗಿ ಒಡಲಬೇರನ್ನು ಹೊಸದಾಗಿ ಬರೆದೆ. ಈ ಸಲ ಗುರು ಸ್ಯಾಕ್ಯುಲಿನಾ. ಕಡಲ ಬಂಡೆಗಳಿಗೆ ಕಚ್ಚಿಕೊಳ್ಳುವ ಬಾರ್ನಕಲ್‌ಗಳ ಕುಲದ್ದಾದರೂ ಇದಕ್ಕೆ ಚಿಪ್ಪಿಲ್ಲ, ಬಾಯಿಲ್ಲ, ಕಾಲಿಲ್ಲ. ಏಡಿಯ ಮೈಯೊಳಗೆ ಬೇರುಗಳಂತೆ ಹಬ್ಬಿ, ಅದನ್ನು ಸಂತಾನಹೀನ ಮಾಡುತ್ತದೆ. ಏಡಿ ಸಾಯುವುದಿಲ್ಲ, ತನ್ನ ಮೊಟ್ಟೆಗಳಿರಬೇಕಾದ ಜಾಗದಲ್ಲಿ ಸ್ಯಾಕ್ಯುಲಿನಾದ ಚೀಲವನ್ನು ಹೊತ್ತು ಅದನ್ನೇ ಜೋಪಾನ ಮಾಡುತ್ತದೆ. ಗಂಡು ಏಡಿಗೆ ಸೋಂಕಿದರೆ ಅದರ ಹೊಟ್ಟೆಯ ಭಾಗ ಹೆಣ್ಣಿನದರಂತೆ ಅಗಲವಾಗುತ್ತದೆ, ನಡವಳಿಕೆಯೂ ತಾಯಿ ಏಡಿಯದೇ ಆಗುತ್ತದೆ. ಇದನ್ನು ಮೊದಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಡಲಬೇರಿನ ಮರಿ ಸಾಸಿವೆಗಿಂತ ಚಿಕ್ಕದು. ಅದಕ್ಕೂ ಬಾಯಿಲ್ಲ, ತಾಯಿ ಕಟ್ಟಿಕೊಟ್ಟ ಕೊಬ್ಬಿನ ಬುತ್ತಿ ಕರಗುವುದರೊಳಗೆ ತೇಲುಬುಡ್ಡೆ ಸಿಗಬೇಕು. ಹಾಗಾಗಿ ಅದು ಹುಡುಕಿ ಅಲೆಯುವುದಿಲ್ಲ. ತೇಲುಬುಡ್ಡೆಗಳು ಹಗಲು ಇಳಿದು ನಿಲ್ಲುವ ಆಳದಲ್ಲಿ ಕಾಯುತ್ತದೆ. ಚೀಲದಿಂದ ಗಾಳಿ ಬಿಡುವ ರಂಧ್ರದ ಬಳಿ ಚರ್ಮ ತೆಳು, ಅಲ್ಲಿಂದಲೇ ಪ್ರವೇಶ. ಒಳಗೆ ಬೇರುಗಳು ಜಠರವನ್ನೂ ಗಾಳಿ ತಯಾರಿಸುವ ಗ್ರಂಥಿಯನ್ನೂ ಮುಟ್ಟದೆ ಬಳಸಿಕೊಂಡು ಹೋಗಿ ಜನನಾಂಗವನ್ನು ಹಿಡಿಯುತ್ತವೆ. ಸಂತಾನಕ್ಕೆಂದು ಮೀಸಲಾದ ಆಹಾರವೆಲ್ಲ ಒಡಲಬೇರಿನ ಪಾಲು. ಬರಡಾದ ತೇಲುಬುಡ್ಡೆ ಮೇಯುತ್ತ, ಏರುತ್ತ, ಇಳಿಯುತ್ತ ವರ್ಷಗಟ್ಟಲೆ ಅದನ್ನು ಹೊರುತ್ತದೆ. ವರ್ಷಕ್ಕೆ ಕೆಲವು ರಾತ್ರಿ ಮಾತ್ರ ಪರಜೀವಿಯ ಮೊಟ್ಟೆಚೀಲ ಹೊರಗೆ ತೂಗುತ್ತದೆ, ಮೇಲಿನ ಪ್ರವಾಹ ಮೊಟ್ಟೆಗಳನ್ನು ದೂರಕ್ಕೆ ಒಯ್ಯುತ್ತದೆ.

ಎರಡು ಪ್ರವಾಹಗಳು ಕೂಡುವ ಒಂದು ಜಾಗವನ್ನೂ ಬರೆದಿದ್ದೇನೆ. ಅಲ್ಲಿ ತೇಲುಬುಡ್ಡೆಗಳು ಹುಳುಮನೆಯ ತಟ್ಟೆಯಲ್ಲಿರುವಂತೆ ಒತ್ತೊತ್ತಾಗಿ ಸೇರುತ್ತವೆ. ಅಲ್ಲಿಯ ಒಡಲಬೇರು ಅದೇ ಕುಲದ ಇನ್ನೊಂದು ಕವಲು, ಜಠರವನ್ನೂ ಬಿಡದು. ಇಪ್ಪತ್ತು ದಿನಗಳಲ್ಲಿ ಕೊಲ್ಲುವ ನನ್ನ ಹಳೆಯ ಜೀವಿಗೆ ಕೊನೆಗೂ ಒಂದು ನೆಲೆ ಸಿಕ್ಕಿತು.

ಇನ್ನೊಂದು ಜೀವಿ ಬಾಕಿ ಇದೆ. ಮರಿ ನೊಣವಾಗಿ ಮಾರ್ಪಡುವ ಊಜಿಯ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೆಸೋಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ನಮ್ಮ ಕಡೆಯ ರೈತರು ಹುಳುಮನೆಗಳಲ್ಲಿ ಬಿಡುತ್ತಾರೆ. ಒಡಲಬೇರಿಗೂ ಅಂಥದೊಂದು ಶತ್ರು ಇರಲೇಬೇಕು. ಮೈಯೊಳಗೆ ಹುದುಗಿದ ಬೇರುಗಳನ್ನು ಅದು ತಲುಪಲಾರದು. ಮೊಟ್ಟೆಚೀಲ ಹೊರಗೆ ತೂಗುವ ಆ ಕೆಲವು ರಾತ್ರಿಗಳಷ್ಟೇ ಅದಕ್ಕಿರುವ ದಾರಿ.