ಸ್ಪ್ಯಾನಿಷ್‌ನ ‘ಬ’ ಎಲ್ಲಿ ಹೋಯಿತು?

ಸ್ಪ್ಯಾನಿಷ್ ಕಲಿಯುವವರಿಗೆ ಕ್ರಿಯಾಪದಗಳೆಂದರೆ ಭಯ. ಆದರೆ ಒಂದು ಕಾಲ ಮಾತ್ರ ತುಂಬಾ ಸಾಧು: ‘ಇಂಪೆರ್ಫೆಕ್ತೊ’. ನಮ್ಮ ‘ಹಾಡುತ್ತಿದ್ದೆ, ತಿನ್ನುತ್ತಿದ್ದೆ’ ಇದಕ್ಕೆ ಹತ್ತಿರ. ಮುಗಿದುಹೋದ ಕೆಲಸ ಅಲ್ಲ, ಆಗ ನಡೆಯುತ್ತಲೇ ಇದ್ದದ್ದು. ಅಲ್ಲಿನ ಮಕ್ಕಳು ಆಟಕ್ಕೂ ಇದನ್ನೇ ಬಳಸುತ್ತಾರೆ. ನಮ್ಮ ಮಕ್ಕಳು ‘ನಾನು ಡಾಕ್ಟರ್ ಅಂತೆ’ ಅನ್ನುವ ಕಡೆ ಅವರು ‘ನಾನು ಡಾಕ್ಟರ್ ಆಗಿದ್ದೆ’ ಅನ್ನುತ್ತಾರೆ!

ರೂಪ ಮಾಡುವುದು ಸುಲಭ. ‘ಕಂತಾರ್’ ಅಂದರೆ ಹಾಡುವುದು. ಕೊನೆಯ ‘ಆರ್’ ತೆಗೆದು ‘ಆಬ’ ಸೇರಿಸಿದರೆ ಕಂತಾಬ, ಹಾಡುತ್ತಿದ್ದೆ. ನೀನಾದರೆ ಕಂತಾಬಸ್, ನಾವಾದರೆ ಕಂತಾಬಮೊಸ್, ಅವರಾದರೆ ಕಂತಾಬನ್. ‘ಅವಳು ಹಾಡುತ್ತಿದ್ದಳು’ ಅನ್ನುವುದಕ್ಕೂ ಕಂತಾಬ ಅಂತಲೇ. ಸ್ಪ್ಯಾನಿಷ್‌ನ ತಾಯಿಯಾದ ಲ್ಯಾಟಿನ್‌ನಲ್ಲಿ ಕಂತಾಬಮ್, ಕಂತಾಬತ್ ಎಂದು ಬೇರೆ ಬೇರೆ ಇದ್ದವು. ಕೊನೆಯ ಅಕ್ಷರ ಸವೆದು ಎರಡೂ ಒಂದಾದವು.

ಈ ‘ಬ’ ಬಂದದ್ದೆಲ್ಲಿಂದ? ‘ಇರು, ಆಗು’ ಅರ್ಥದ ಒಂದು ಹಳೆಯ ಧಾತು ಕ್ರಿಯಾಪದಕ್ಕೆ ಅಂಟಿಕೊಂಡು ಹೀಗಾಯಿತು ಎಂಬುದು ಭಾಷಾ ವಿಜ್ಞಾನಿಗಳ ಸಾಮಾನ್ಯ ವಿವರಣೆ. ಸಂಸ್ಕೃತದ ‘ಭೂ’ ಅದರ ಸೋದರ. ಅಂದರೆ ನಮ್ಮ ವ್ಯಾಕರಣದ ‘ಭೂತಕಾಲ’ದೊಳಗೂ ಅದೇ ಕೂತಿದೆ. ಕನ್ನಡಕ್ಕೂ ಲ್ಯಾಟಿನ್‌ಗೂ ನೆಂಟಸ್ತಿಕೆ ಇಲ್ಲ. ಆದರೂ ನಾವು ‘ಹಾಡುತ್ತ’ದ ಜೊತೆ ‘ಇದ್ದೆ’ ಸೇರಿಸಿ ಅದೇ ದಾರಿ ಹಿಡಿದಿದ್ದೇವೆ, ನೋಡಿ.

ಇನ್ನು ‘ಎರ್’, ‘ಇರ್’ ಎಂದು ಮುಗಿಯುವ ಕ್ರಿಯಾಪದಗಳು. ಕೊಮೆರ್ (ತಿನ್ನು) ಕೊಮೀಯ ಆಗುತ್ತದೆ, ಬಿಬಿರ್ (ಬದುಕು) ಬಿಬೀಯ. ಇಲ್ಲಿ ‘ಬ’ ಪ್ರತ್ಯಯವೇ ಮಾಯ! ಲ್ಯಾಟಿನ್‌ನ ಇವುಗಳಲ್ಲೂ ಅದು ಇತ್ತು. ಹಬೇಬಮ್, ದೇಬೇಬಮ್ ಎಂದು ಬೇಗ ಬೇಗ ಹೇಳಿ ನೋಡಿ. ಎರಡು ‘ಬ’ ಒಟ್ಟಿಗೆ ಬಂದರೆ ನಾಲಿಗೆ ಒಂದನ್ನು ನುಂಗುತ್ತದೆ, ಅಲ್ವಾ? ಜಾಸ್ತಿ ಬಳಕೆಯ ಇಂಥ ಪದಗಳಲ್ಲಿ ಎರಡನೆಯ ‘ಬ’ ಬಿದ್ದುಹೋಯಿತು. ಆಮೇಲೆ ಉಳಿದವೂ ಅವನ್ನೇ ನೋಡಿ ನಡೆದವು ಎಂದು ಹೇಳುತ್ತಾರೆ. ಪಕ್ಕದ ಇಟಾಲಿಯನ್‌ನಲ್ಲಿ ಅದು ‘ವ’ ಆಗಿ ಎಲ್ಲ ಗುಂಪಿನಲ್ಲೂ ಉಳಿದಿದೆ: ಕಂತಾವ, ಕ್ರೆದೇವ, ದೊರ್ಮೀವ.

ಈ ಕಾಲದಲ್ಲಿ ನಿಯಮ ತಪ್ಪುವ ಮೂಲ ಕ್ರಿಯಾಪದಗಳು 3 ಮಾತ್ರ: ಸೆರ್ (ಇರು), ಬೆರ್ (ನೋಡು), ಇರ್ (ಹೋಗು). ಇರ್‌ನ ರೂಪ ‘ಈಬ’. ಪುಸ್ತಕಗಳು ಇದನ್ನು ಅಪವಾದ ಎಂದು ಪಟ್ಟಿ ಮಾಡುತ್ತವೆ. ನನಗೇನೋ ಅದು ಅನ್ಯಾಯ ಅನ್ನಿಸುತ್ತದೆ. ಲ್ಯಾಟಿನ್‌ನ ‘ಈಬಮ್’ ಅನ್ನು ಅದು ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡಿದೆ. ಬದಲಾದದ್ದು ‘ಇರ್’ ಗುಂಪಿನ ಬೇರೆ ಕ್ರಿಯಾಪದಗಳು.