ಬೀಳು ಬಿಡುವ ಧೈರ್ಯ ಯಾರಿಗಿದೆ?

ಘಾನಾ ದೇಶದ ದಕ್ಷಿಣದಲ್ಲಿ ಅಕ್ವಾಪಿಮ್ ಎಂಬ ಸೀಮೆಯಿದೆ. ಅಲ್ಲಿನ ರೈತರು ಮರಗೆಣಸನ್ನೂ ಮೆಕ್ಕೆಜೋಳವನ್ನೂ ಒಂದೇ ಹೊಲದಲ್ಲಿ ಬೆಳೆಯುತ್ತಾರೆ. ರಸಗೊಬ್ಬರ ದುಬಾರಿ. ಹಾಗಾಗಿ ಮಣ್ಣಿನ ಸಾರ ಮರಳಿ ಬರಬೇಕೆಂದರೆ ಹೊಲವನ್ನು ಕೆಲವು ವರ್ಷ ಬೀಳು ಬಿಡುವುದೇ ಮುಖ್ಯ ದಾರಿ. ಬೀಳು ಬಿದ್ದ ನೆಲದಲ್ಲಿ ಪೊದೆಗಳು ಏಳುತ್ತವೆ, ಅವುಗಳ ಬೇರು ಆಳದ ಪೋಷಕಾಂಶವನ್ನು ಮೇಲಕ್ಕೆಳೆಯುತ್ತದೆ, ಉದುರಿದ ಎಲೆ ಕೊಳೆತು ಮಣ್ಣಿಗೆ ಸಾವಯವ ಇಂಗಾಲ ಸೇರುತ್ತದೆ. ಇದಕ್ಕೆಲ್ಲ ಸಮಯ ಬೇಕು. ಸಮಯ ಕೊಡಬೇಕೆಂದರೆ ಧೈರ್ಯ ಬೇಕು, ಇವತ್ತು ಬಿಟ್ಟ ನೆಲ ನಾಳೆ ನನಗೇ ಸಿಗುತ್ತದೆ ಎಂಬ ಧೈರ್ಯ.

ಆ ಧೈರ್ಯ ಎಲ್ಲರಿಗೂ ಇರಲಿಲ್ಲ. ಅಲ್ಲಿನ ಜಮೀನು ಬಹುಪಾಲು ಕುಲಕ್ಕೆ ಸೇರಿದ್ದು. ಯಾರಿಗೆ ಯಾವ ತುಂಡು ಎಂಬುದನ್ನು ಕುಲದ ಮುಖಂಡರು ತೀರ್ಮಾನಿಸುತ್ತಾರೆ. ಸಾಗುವಳಿ ಇಲ್ಲದೆ ಬಿದ್ದಿರುವ ಹೊಲ ಬೇರೆಯವರ ಪಾಲಾದೀತು. ಅರ್ಥಶಾಸ್ತ್ರಜ್ಞರಾದ ಮಾರ್ಕಸ್ ಗೋಲ್ಡ್‌ಸ್ಟೀನ್ ಮತ್ತು ಕ್ರಿಸ್ಟೋಫರ್ ಉಡ್ರಿ 1990ರ ದಶಕದ ಕೊನೆಯಲ್ಲಿ ಇಲ್ಲಿನ ಹೊಲಗಳ ಮಣ್ಣು, ಬೆಳೆ, ದುಡಿಮೆಯ ಲೆಕ್ಕವನ್ನೆಲ್ಲ ಕಲೆಹಾಕಿ, 2008ರಲ್ಲಿ ಅದರ ಫಲಿತಾಂಶ ಪ್ರಕಟಿಸಿದರು. ಊರಿನ ಅಧಿಕಾರದಲ್ಲಿ ಸ್ಥಾನವಿದ್ದವರು ಹೊಲವನ್ನು ಹೆಚ್ಚು ಕಾಲ ಬೀಳು ಬಿಡುತ್ತಿದ್ದರು, ಹೆಚ್ಚು ಬೆಳೆಯುತ್ತಿದ್ದರು. ಸ್ಥಾನವಿಲ್ಲದವರು, ಅದರಲ್ಲೂ ಹೆಂಗಸರು, ನೆಲಕ್ಕೆ ಬಿಡುವು ಕೊಡದೆ ಮತ್ತೆ ಬಿತ್ತುತ್ತಿದ್ದರು. ಒಂದೇ ಮನೆಯ ಗಂಡ ಹೆಂಡತಿಯ ಹೊಲಗಳ ಆದಾಯದಲ್ಲಿ ಕಂಡ ಅಂತರಕ್ಕೂ ಬೀಳು ಬಿಟ್ಟ ಅವಧಿಯೇ ಮುಖ್ಯ ಕಾರಣವಾಗಿತ್ತು.

ರೈತರಿಗೆ ತಿಳಿವಳಿಕೆ ಇಲ್ಲದ್ದರಿಂದಲೇ ಮಣ್ಣು ಹಾಳಾಯಿತು ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಬೀಳು ಬಿಟ್ಟರೆ ನೆಲ ಚೇತರಿಸಿಕೊಳ್ಳುತ್ತದೆ ಎಂದು ಅಲ್ಲಿನ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಅವರಿಗೆ ಕೊರತೆಯಾಗಿದ್ದು ಅಧಿಕಾರ. ಆ ಕೊರತೆ ಕೊನೆಗೆ ಮಣ್ಣಿನಲ್ಲಿ ಸಾರದ ಕೊರತೆಯಾಗಿ ಕಾಣಿಸಿಕೊಂಡಿತು.

ಉಡ್ರಿ ಅವರೇ 1996ರಲ್ಲಿ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಬಗ್ಗೆ ಬರೆದ ಪ್ರಬಂಧದಲ್ಲೂ ಇಂಥದೇ ಚಿತ್ರವಿದೆ. ಒಂದೇ ಮನೆ, ಒಂದೇ ವರ್ಷ, ಒಂದೇ ಬೆಳೆ. ಆದರೂ ಹೆಂಗಸರ ಹೊಲದ ಇಳುವರಿ ಕಡಿಮೆ. ಏಕೆಂದರೆ ಮನೆಯ ಗೊಬ್ಬರವೆಲ್ಲ ಹೆಚ್ಚುಕಡಿಮೆ ಗಂಡಸರ ಹೊಲಕ್ಕೇ ಹೋಗುತ್ತಿತ್ತು, ದುಡಿಮೆಯೂ ಅಲ್ಲೇ ಹೆಚ್ಚು ಬೀಳುತ್ತಿತ್ತು. ಇರುವ ಗೊಬ್ಬರವನ್ನೂ ದುಡಿಮೆಯನ್ನೂ ಮನೆಯೊಳಗೇ ಸರಿಯಾಗಿ ಹಂಚಿಕೊಂಡಿದ್ದರೆ ಒಟ್ಟು ಬೆಳೆ ಸುಮಾರು 6% ಹೆಚ್ಚುತ್ತಿತ್ತು ಎಂಬುದು ಅವರ ಅಂದಾಜು.

ನೀರಿನ ಕಥೆ ಇನ್ನೂ ಕುತೂಹಲದ್ದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಮತ್ತು ಅವರ ಸಹೋದ್ಯೋಗಿಗಳು ನೇಪಾಳದ ನೂರಕ್ಕೂ ಹೆಚ್ಚು ನೀರಾವರಿ ಕಾಲುವೆಗಳನ್ನು ಹೋಲಿಸಿ ನೋಡಿದರು. ಕೆಲವನ್ನು ಸರ್ಕಾರ ಕಟ್ಟಿಸಿ ನಡೆಸುತ್ತಿತ್ತು, ಕೆಲವನ್ನು ರೈತರೇ ಕಲ್ಲು, ಮರ, ಮಣ್ಣು ಸೇರಿಸಿ ಕಟ್ಟಿಕೊಂಡಿದ್ದರು. ಕಾಂಕ್ರೀಟಿನ ಒಡ್ಡಿರುವ ಕಾಲುವೆಯೇ ಮೇಲೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಕೊನೆಭಾಗದ ಹೊಲಗಳಿಗೆ ನೀರು ಮುಟ್ಟಿಸುವುದರಲ್ಲಿ ರೈತರ ಕಾಲುವೆಗಳೇ ಒಟ್ಟಾರೆ ಮುಂದಿದ್ದವು.

ಇದಕ್ಕೆ ಆಸ್ಟ್ರಮ್ ಕೊಟ್ಟ ವಿವರಣೆ ನೋಡಿ. ಮಣ್ಣಿನ ಒಡ್ಡು ಪ್ರವಾಹಕ್ಕೆ ಕೊಚ್ಚಿಹೋಗುತ್ತದೆ. ಮತ್ತೆ ಕಟ್ಟಲು, ಹೂಳೆತ್ತಲು ಮೇಲ್ಭಾಗದವರ ಕೈಗಳಷ್ಟೇ ಸಾಲವು. ಕೊನೆಭಾಗದವರೂ ಗುದ್ದಲಿ ಹಿಡಿದು ಬರಬೇಕು. ತಮ್ಮ ಹೊಲಕ್ಕೆ ನೀರೇ ಬಾರದಿದ್ದರೆ ಅವರೇಕೆ ಬಂದಾರು? ಹೀಗಾಗಿ ನೀರು ಹಂಚಿಕೊಳ್ಳುವುದು ಮೇಲಿನವರಿಗೂ ಅನಿವಾರ್ಯ. ಒಡ್ಡು ಕಾಂಕ್ರೀಟಿನದಾದ ಮೇಲೆ ಕೆಳಗಿನವರ ದುಡಿಮೆ ಬೇಕಿಲ್ಲ, ಅವರ ಮಾತಿಗೂ ತೂಕವಿಲ್ಲ. ಕಾಂಕ್ರೀಟು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಅದನ್ನು ಸುರಿಯುವ ಮೊದಲು, ಕೊನೆಭಾಗದವರ ಪಾಲಿನ ನೀರು ಎಷ್ಟು, ಅದನ್ನು ಯಾರು ಕಾಯುತ್ತಾರೆ ಎಂಬುದು ಇತ್ಯರ್ಥವಾಗಬೇಕು.

ಸಮುದಾಯದ ಕೈಗೆ ಕೊಟ್ಟ ಮಾತ್ರಕ್ಕೆ ಎಲ್ಲರೂ ಒಳಗೆ ಬಂದರು ಎಂದೂ ಅಲ್ಲ. ನೀರು ಬಳಕೆದಾರರ ಸಂಘಗಳಲ್ಲಿ ಸದಸ್ಯತ್ವ ಸಾಮಾನ್ಯವಾಗಿ ಜಮೀನಿನ ಒಡೆಯನಿಗೆ. ಗೇಣಿದಾರರು, ಕೂಲಿಯವರು, ಹೆಂಗಸರು ಹೊರಗೇ ಉಳಿಯುತ್ತಾರೆ. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ ಅವರು ಗುಜರಾತ್ ಮತ್ತು ನೇಪಾಳದ ಸಮುದಾಯ ಅರಣ್ಯ ಸಮಿತಿಗಳನ್ನು ಅಧ್ಯಯನ ಮಾಡಿದಾಗ, ಹೆಂಗಸರ ಪಾಲು ಹೆಚ್ಚಿದ್ದ ಕಡೆ ಕಾಡು ಚೆನ್ನಾಗಿ ಚಿಗುರಿದ್ದು ಕಂಡುಬಂತು. ಒಬ್ಬಿಬ್ಬರನ್ನು ಹೆಸರಿಗೆ ಸೇರಿಸಿದರೆ ಸಾಲದು. ಸಮಿತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಹೆಂಗಸರಿದ್ದಾಗಲೇ ಅವರು ಸಭೆಯಲ್ಲಿ ಬಾಯಿಬಿಟ್ಟು ಮಾತಾಡುವುದು ಎದ್ದು ಕಂಡಿತು.

ಹಾಗಾದರೆ ಹಕ್ಕುಪತ್ರ ಕೊಟ್ಟುಬಿಟ್ಟರೆ ಆಯಿತೇ? ರುವಾಂಡಾದಲ್ಲಿ ಜಮೀನಿನ ಅಳತೆ ಮಾಡಿ ಹಕ್ಕು ನೋಂದಾಯಿಸುವ ಕೆಲಸ ಮೊದಲು ಕೆಲವೇ ಕಡೆ ಪ್ರಾಯೋಗಿಕವಾಗಿ ನಡೆಯಿತು. ಅದರ ಪರಿಣಾಮದ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನ ಎರಡು ಸಂಗತಿ ಹೇಳುತ್ತದೆ. ಮಣ್ಣು ಕೊಚ್ಚಿಹೋಗದಂತೆ ಬದು, ಮೆಟ್ಟಿಲು ಹೊಲ ಮಾಡುವ ಕೆಲಸ ನೋಂದಣಿಯಾದ ಕಡೆ ಬಹಳ ಹೆಚ್ಚಿತು. ಹೆಂಗಸರೇ ಯಜಮಾನಿಯರಾದ ಮನೆಗಳಲ್ಲಿ ಇನ್ನೂ ಹೆಚ್ಚು. ಕಾನೂನುಬದ್ಧವಾಗಿ ಮದುವೆಯಾದ ಹೆಂಡತಿಯರ ಹಕ್ಕೂ ಗಟ್ಟಿಯಾಯಿತು. ಆದರೆ ಮದುವೆ ನೋಂದಣಿಯಾಗದೆ ಸಂಸಾರ ಮಾಡುತ್ತಿದ್ದ ಹೆಂಗಸರ ಹೆಸರು ದಾಖಲೆಯಿಂದ ಬಿಟ್ಟುಹೋಗುವ ಅಪಾಯ ಹೆಚ್ಚಾಯಿತು. ಅಳತೆಗೆ ಬರುವ ಸಿಬ್ಬಂದಿ ಮದುವೆಯ ಕಾಗದ ಕೇಳುವ ಮೊದಲು, ಈ ಹೊಲದಲ್ಲಿ ಬಿತ್ತುವವರು ಯಾರು, ಕಳೆ ಕೀಳುವವರು ಯಾರು ಎಂದು ಅಕ್ಕಪಕ್ಕದವರ ಎದುರಿಗೇ ಕೇಳಿ ಆ ಹೆಸರುಗಳನ್ನೂ ಬರೆದುಕೊಳ್ಳಬೇಕು. ಅರ್ಜಿಯಲ್ಲಿ ಅದಕ್ಕೊಂದು ಸಾಲು ಸೇರಿಸುವುದು ಕಷ್ಟದ ಕೆಲಸವಲ್ಲ.