ಎದೆಯಲ್ಲಿ ಸಪ್ಪಳ: ಒಳಗೆಳೆಯುವಾಗಲೋ, ಹೊರಗೆ ಬಿಡುವಾಗಲೋ?

ತೊಗರಿ ರಾಶಿ ಶುರುವಾಯಿತೆಂದರೆ ಕಲಬುರಗಿಯ ನಮ್ಮ ಒಪಿಡಿಯಲ್ಲಿ ಈ ಮಾತು ಜಾಸ್ತಿ: "ಡಾಕ್ಟ್ರೇ, ಎದ್ಯಾಗ ಸುಂಯ್ ಸುಂಯ್ ಅಂತದ್ರಿ." ಧೂಳು, ಹೊಟ್ಟು, ಚಳಿ ಮೂರೂ ಕೂಡಿ ಬರುವ ದಿನಗಳವು. ಸಪ್ಪಳ ಎಷ್ಟು ಜೋರು ಅಂತ ನಾನು ಮೊದಲು ಕೇಳುವುದಿಲ್ಲ. ಉಸಿರು ಒಳಗೆ ಎಳೆಯುವಾಗ ಬರುತ್ತದೋ, ಹೊರಗೆ ಬಿಡುವಾಗಲೋ ಅಂತ ಕೇಳುತ್ತೇನೆ.

ಹೊರಗೆ ಬಿಡುವಾಗ ಸೀಟಿ ಹೊಡೆದರೆ, ಹೆಚ್ಚಾಗಿ ಎದೆಯೊಳಗಿನ ಸಣ್ಣ ನಳಿಕೆಗಳು ಬಿಗಿದಿರುತ್ತವೆ. ಉಸಿರು ಬಿಡುವಾಗ ಅವು ಹೇಗೂ ಸ್ವಲ್ಪ ಕಿರಿದಾಗುತ್ತವೆ. ಅದಕ್ಕೇ ಸಪ್ಪಳ ಆಗಲೇ ಜಾಸ್ತಿ. ದಮ್ಮು ಇದ್ದವರಲ್ಲಿ, ಬೀಡಿ ಸೇದುವವರಲ್ಲಿ, ವರ್ಷಗಟ್ಟಲೆ ಒಲೆ ಹೊಗೆ ಕುಡಿದ ಹೆಣ್ಣುಮಕ್ಕಳಲ್ಲಿ ಇದನ್ನು ಕಾಣುತ್ತೇವೆ. ಪಂಪ್, ಅಂದರೆ ಬಾಯಿಂದ ಎಳೆದುಕೊಳ್ಳುವ ಇನ್‌ಹೇಲರ್, ಬರೆದುಕೊಟ್ಟರೆ "ಚಟ ಆಗ್ತದ, ಸೂಜಿನೇ ಹಾಕ್ರಿ" ಅನ್ನುತ್ತಾರೆ. ಪಂಪ್ ಚಟ ಹಿಡಿಸುವುದಿಲ್ಲ. ಅದರ ಔಷಧ ನೇರವಾಗಿ ಬೇಕಾದಲ್ಲಿಗೇ ಹೋಗುತ್ತದೆ.

ಒಳಗೆ ಎಳೆಯುವಾಗ ಕರ್ಕಶವಾಗಿ ಕೇಳಿದರೆ ತೊಂದರೆ ಮೇಲೆ, ಗಂಟಲಿನ ಹತ್ತಿರ ಇದೆ. ಇದಕ್ಕೆ ನಾಳೆ ನೋಡೋಣ ಅನ್ನಬೇಡಿ. ಇನ್ನು ಶೇಂಗಾ ತಿನ್ನುತ್ತಿದ್ದ ಮಗು ಒಮ್ಮೆಲೇ ಕೆಮ್ಮಿ, ಆಮೇಲೆ ಒಂದೇ ಕಡೆ ಸೀಟಿ ಕೇಳಿದರೆ, ಬೀಜ ನಳಿಕೆಯಲ್ಲಿ ಸಿಕ್ಕಿರಬಹುದು. ಎಕ್ಸ್‌ರೇಯಲ್ಲಿ ಶೇಂಗಾ ಕಾಣುವುದಿಲ್ಲ. ಹಾಗಾಗಿ ಮಗು ಏನು ತಿನ್ನುತ್ತಿತ್ತು ಅನ್ನುವುದನ್ನು ಮರೆಯದೆ ಹೇಳಿ.

ಗೊರಗೊರ ಸಪ್ಪಳ ಕೆಮ್ಮಿದ ಮೇಲೆ ಬದಲಾದರೆ ಅದು ದೊಡ್ಡ ನಳಿಕೆಯ ಕಫ. ಹಸುಗೂಸಿನಲ್ಲಿ ಎಷ್ಟೋ ಸಲ ಅದು ಕಟ್ಟಿದ ಮೂಗಿನದೇ ಆಗಿರುತ್ತದೆ. ಆದರೆ ಸ್ಟೆತಾಸ್ಕೋಪಿಗೆ ಮಾತ್ರ ಕೇಳುವ ಒಂದು ಚರಚರ ಸಪ್ಪಳ ಇದೆ. ಕಿವಿ ಪಕ್ಕದ ಕೂದಲನ್ನು ಎರಡು ಬೆರಳಲ್ಲಿ ಹೊಸೆದರೆ ಕೇಳುತ್ತದಲ್ವಾ, ಹಾಗೆ. ನ್ಯುಮೋನಿಯಾ, ದಣಿದ ಹೃದಯ, ಗಟ್ಟಿಯಾಗುತ್ತಿರುವ ಶ್ವಾಸಕೋಶ, ಯಾವುದರಿಂದಲೂ ಬರಬಹುದು. ಶಹಾಬಾದ್ ಕಡೆಯವರು ಕಲ್ಲು ಕೊರೆಯುವ ಕೆಲಸ ಅಂದರೆ, ಆ ಧೂಳು ಶ್ವಾಸಕೋಶ ಗಟ್ಟಿ ಮಾಡಿರಬಹುದು ಅಂತ ನಾನು ಬೇಗನೆ ಎಕ್ಸ್‌ರೇ ಮಾಡಿಸುತ್ತೇನೆ. ಎರಡು ವಾರ ದಾಟಿದ ಕೆಮ್ಮಿದ್ದರೆ ಟಿಬಿ ಇದೆಯೋ ಅಂತ ನೋಡಲು ಕಫದ ಪರೀಕ್ಷೆಯೂ ಆಗಬೇಕು. ಅಂದ ಹಾಗೆ, ಅಂಗಿ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಬಟ್ಟೆ ಉಜ್ಜಿದ ಸಪ್ಪಳವೂ ಹೀಗೇ ಕೇಳುತ್ತದೆ. ಅಂಗಿ ಸರಿಸಿ ಅಂದರೆ ಬೇಜಾರಾಗಬೇಡಿ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಸಪ್ಪಳ ಇಲ್ಲದ ಎದೆ. ದಮ್ಮಿನವರು ರಾತ್ರಿಯೆಲ್ಲ ಸೀಟಿ ಹೊಡೆದು, ಬೆಳಗಿನ ಜಾವ ಅದು ನಿಂತರೆ ಮನೆಯವರು "ಆರಾಮಾಯ್ತು" ಅಂದುಕೊಳ್ಳುತ್ತಾರೆ. ಒಂದು ವಾಕ್ಯ ಮುಗಿಸಲೂ ಆಗುತ್ತಿಲ್ಲ, ತುಟಿ ನೀಲಿಗಟ್ಟಿದೆ, ಮಂಪರು ಇದೆ ಅಂದರೆ ಅದು ಆರಾಮಲ್ಲ. ಗಾಳಿಯೇ ಓಡಾಡುತ್ತಿಲ್ಲ. ತಕ್ಷಣ 108ಕ್ಕೆ ಫೋನ್ ಮಾಡಿ.

ದಮ್ಮು ಜಾಸ್ತಿ ಕಾಡುವುದು ರಾತ್ರಿ. ಹಗಲು ಒಪಿಡಿಗೆ ಬಂದಾಗ ಎದೆ ಎಷ್ಟೋ ಸಲ ಸ್ವಚ್ಛ ಇರುತ್ತದೆ. ಅದಕ್ಕೆ ರಾತ್ರಿಯೇ ಮೊಬೈಲಲ್ಲಿ ವಿಡಿಯೊ ಮಾಡಿಕೊಂಡು ಬನ್ನಿ. ಮಗುವಾದರೆ ಅದು ಸುಮ್ನೆ ಇರುವಾಗ ಅಂಗಿ ತೆಗೆದು, ಇಡೀ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಬಂದರೆ ಅವತ್ತೇ ತೋರಿಸಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ಎಣಿಸುತ್ತ ಕೂರಬೇಡಿ, ಹೊರಟುಬಿಡಿ.